ಬಟ್ಟಲಿನ ನೆಗ್ಗು

ಗುರುದೇವಿಗೆ ಅನುಮಾನ ಹುಟ್ಟಲು ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ. ಹಾಲಿನವನು ಎಂದಾದರೂ ನಗುನಗುತ್ತಾ ಹಾಲು ಅಳೆದರೆ ಅವತ್ತು ನೀರು ಹೆಚ್ಚು ಬೆರೆಸಿದ್ದಾನೆಂದೇ ಅವಳ ಲೆಕ್ಕ. ಗ್ಯಾಸ್ ಸಿಲಿಂಡರ್ ತಂದವನ ಎದುರಿಗೇ ಅದನ್ನು ಅಲುಗಾಡಿಸಿ, ಕಿವಿಗೊಟ್ಟು ಕೇಳಿ, ಆಮೇಲೆ ಸಹಿ ಮಾಡುವವಳು. ಮದುವೆಯಾಗಿ ಶಹಾಪುರಕ್ಕೆ ಬಂದ ಹೊಸದರಲ್ಲಿ ಗಂಡ ಬಸವಲಿಂಗ ಊರ ಗುಡ್ಡದ ಕಡೆ ಕೈಮಾಡಿ, ಬುದ್ಧ ಮಲಗಿದ ಹಾಗೆ ಕಾಣುತ್ತದೆ ನೋಡು ಎಂದಿದ್ದ. ಅವಳು ಬಹಳ ಹೊತ್ತು ನೋಡಿ, "ನನಗ್ಯಾಕೋ ಎಚ್ಚರ ಇದ್ದಾಂಗ ಕಾಣ್ತದ್ರಿ" ಎಂದಿದ್ದಳು. ಬೀಜ, ಗೊಬ್ಬರ ಮಾರುವ ಅಂಗಡಿಯ ಬಸವಲಿಂಗ ಅವತ್ತೇ ಈ ಹೆಣ್ಣಿನ ಜೊತೆ ವಾದಕ್ಕಿಳಿಯಬಾರದೆಂದು ತೀರ್ಮಾನಿಸಿದ. ಸಂಸಾರ ಸುಖವಾಗಿ ಸಾಗಿತು.

ಅಂಥ ಗುರುದೇವಿಯ ಅಡುಗೆಮನೆಯ ಕಟ್ಟೆಯ ಮೇಲೆ, ಎಳ್ಳ ಅಮಾವಾಸ್ಯೆ ಮುಗಿದ ಕೆಲವು ದಿನಗಳಿಗೆ, ಒಂದು ಬಟ್ಟಲು ತುಂಬ ಸೀತನಿ ಬಂದು ಕೂತಿತ್ತು. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉದುರಿಸಿದ ಎಳೆಕಾಳು. ಅದರ ವಾಸನೆಗೆ ಯಾರ ಕೈಯೂ ಸುಮ್ಮನಿರುವುದಿಲ್ಲ. ಗುರುದೇವಿ ಒಂದು ಮುಷ್ಟಿ ತೆಗೆದು ಬಾಯಿಗೆ ಹಾಕಿಕೊಂಡಳು. ಆಮೇಲೆ ಬಟ್ಟಲು ನೋಡಿದಳು. ಅಗಿಯುವುದು ನಿಂತುಹೋಯಿತು.

ಅದು ಜರ್ಮನ್ ಬಟ್ಟಲು. ಈ ಕಡೆ ಅಲ್ಯೂಮಿನಿಯಂ ಪಾತ್ರೆಗೆ ಜರ್ಮನ್ ಪಾತ್ರೆ ಎನ್ನುತ್ತಾರೆ, ಯಾಕೆಂದು ಯಾರೂ ಕೇಳುವುದಿಲ್ಲ. ಗುಜರಿಯವನೂ ತೂಕಕ್ಕೆ ಹಾಕಲು ಹಿಂದೆಮುಂದೆ ನೋಡುವಂಥ ಸಾಮಾನು. ಗುರುದೇವಿ ಹಲಗೆಯ ಕಡೆ ಕಣ್ಣೆತ್ತಿದಳು. ಅಕ್ಕಿಯ ಡಬ್ಬಿಯ ಪಕ್ಕದಲ್ಲಿ, ಸದಾ ಬೋರಲು ಹಾಕಿರುತ್ತಿದ್ದ ಅವಳ ಬಟ್ಟಲು ಅಲ್ಲಿರಲಿಲ್ಲ. ಕಟ್ಟೆಯ ಮೇಲಿನದು ಅದೇ ಗಾತ್ರದ್ದು, ಅದೇ ಅಂಚಿನದ್ದು. ಆದರೆ ಅವಳದಕ್ಕೆ ಪಕ್ಕೆಯಲ್ಲಿ ಒಂದು ನೆಗ್ಗಿತ್ತು, ಇದಕ್ಕಿಲ್ಲ. ಅವಳದರ ಒಳಗೆ ಕಪ್ಪು ಹಿಡಿದಿತ್ತು, ಇದು ಮದುಮಗಳ ಮೂಗುತಿಯಂತೆ ಹೊಳೆಯುತ್ತಿತ್ತು.

"ಕಸ್ತೂರಿ," ಎಂದು ಸೊಸೆಯನ್ನು ಕರೆದಳು. "ಈ ಬಟ್ಟಲ ಎಲ್ಲಿದು?"

ಕಸ್ತೂರಿ ಸುರಪುರದ ಹುಡುಗಿ, ಮಗ ಸಂಗಮನಾಥನ ಹೆಂಡತಿ. ಈ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. "ಬಾಜು ಮನಿ ನಾಗಲಕ್ಷ್ಮಿ ಅಕ್ಕಾರು ಕೊಟ್ಟು ಹೋದ್ರು ಅತ್ತಿ. ಅಮಾಸಿ ದಿನ ಕಾಳು, ಕಾಯಿಪಲ್ಯದ ಭಜ್ಜಿ ಕಳಿಸಿದ್ನೆಲ್ರಿ, ಆ ಬಟ್ಟಲದಾಗ."

"ಯಾವ ಬಟ್ಟಲದಾಗ?"

"ಹಲಗಿ ಮ್ಯಾಲಿಂದು. ಸ್ಟೀಲಿನ ಭಾಂಡಿ ಮ್ಯಾಲ ಎಲ್ಲಾ ಹೆಸರ ಅವ. ಹೆಸರಿಲ್ಲದ್ದು ಅದೊಂದ ಇತ್ತು. ಕೊಟ್ಟು ತಗೋಳಾಕ ಇಟ್ಟೀರಿ ಅಂತ ತಿಳಕೊಂಡೆ."

ಹುಡುಗಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮದುವೆ, ತೊಟ್ಟಿಲು, ಗೃಹಪ್ರವೇಶ ಎಂದು ಬಂದ ಸ್ಟೀಲಿನ ಒಂದೊಂದು ಪಾತ್ರೆಯ ಮೇಲೂ ಕೊಟ್ಟವರ ಹೆಸರು ಕೊರೆಸಿರುತ್ತದೆ. ಅವನ್ನು ನೆರೆಮನೆಗೆ ಕಳಿಸಿದರೆ ವಾಪಸು ಬರುವವರೆಗೆ ಜೀವಕ್ಕೆ ಸಮಾಧಾನವಿಲ್ಲ. ಕೊಡುಕೊಳ್ಳುವಿಕೆಗೆ ಹೆಸರಿಲ್ಲದ ಹಳೆಯ ಪಾತ್ರೆಯೊಂದು ಪ್ರತಿ ಮನೆಯಲ್ಲೂ ಇರುತ್ತದೆ. ಬಂದ ಪಾತ್ರೆಯನ್ನು ಖಾಲಿ ತಿರುಗಿಸಬಾರದು, ಏನಾದರೂ ಹಾಕಿಯೇ ಕಳಿಸಬೇಕು ಎಂದು ಸೊಸೆಗೆ ಕಲಿಸಿಕೊಟ್ಟವಳೂ ಗುರುದೇವಿಯೇ. ಕಲಿಸದೆ ಉಳಿದದ್ದು ಒಂದೇ ಒಂದು: ಹಲಗೆಯ ಮೇಲಿನ ಆ ಬಟ್ಟಲು ಯಾರದೆಂಬುದು.

ಅದು ಅವಳ ತಾಯಿ ಸೂಗಮ್ಮನದು. ಸೂಗಮ್ಮ ಹೋದ ವರ್ಷದ ಕಾರಹುಣ್ಣಿಮೆ ಕಳೆದ ಮೇಲೆ ಬಳಿಚಕ್ರದಲ್ಲಿ, ಹಿರಿಮಗ ನಾಗಣ್ಣನ ಮನೆಯಲ್ಲಿ ತೀರಿಕೊಂಡಳು. ಕಾರ್ಯ ಮುಗಿದು, ನೆಂಟರು ಬಂಗಾರದ ಬೋರಮಾಳ ಯಾರಿಗೆ, ಪಾಟಲಿ ಯಾರಿಗೆ ಎಂದು ಗುಸುಗುಸು ನಡೆಸಿದ್ದಾಗ ಗುರುದೇವಿ ಎಲ್ಲರೆದುರು, "ನನಗ ಅವ್ವ ಉಣ್ತಿದ್ದ ಜರ್ಮನ್ ಬಟ್ಟಲ ಕೊಡ್ರಿ, ಮತ್ತೇನೂ ಬ್ಯಾಡ" ಎಂದಿದ್ದಳು. ನೆಂಟರಿಗೆ ಹಾಯೆನಿಸಿತು. ಅತ್ತಿಗೆ ಚನ್ನಬಸಮ್ಮ ಮಾತ್ರ ಮುಖ ಸಣ್ಣಗೆ ಮಾಡಿಕೊಂಡು ಒಳಗೆ ಹೋದಳು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಒಂದು ಜರ್ಮನ್ ಬಟ್ಟಲು ಕೊಡಲೂ ಈಕೆಗೆ ಕರುಳು ಹಿಂಡುತ್ತದಲ್ಲ ಎಂದು ಗುರುದೇವಿಗೆ ಉರಿದಿತ್ತು. ಕೊನೆಗೆ ಬಟ್ಟಲು ಕೈಗೆ ಬಂತು, ಪಕ್ಕೆಯ ನೆಗ್ಗು ಕಂಡಿತು. ಇದೇ, ಇದೇ ಎನ್ನುತ್ತಾ ಅವಳು ಅಲ್ಲೇ ಕುಸಿದು ಅತ್ತಳು.

ಆ ನೆಗ್ಗಿನ ಕತೆ ಅವಳಿಗೆ ಗೊತ್ತಿತ್ತು. ಲಂಗ ಉಡುವ ವಯಸ್ಸಿನಲ್ಲಿ, ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಅವ್ವನಿಗೆ ಬಟ್ಟಲಲ್ಲಿ ಅಂಬಲಿ ಒಯ್ಯುವಾಗ ಬದುವಿನ ಮೇಲೆ ಎಡವಿ ಬಿದ್ದಿದ್ದಳು. ಬಟ್ಟಲು ಕಲ್ಲಿಗೆ ಬಡಿದು ನೆಗ್ಗಿತು, ಅಂಬಲಿ ಮಣ್ಣುಪಾಲಾಯಿತು. ಹೊಡೆತ ಬೀಳುತ್ತದೆಂದು ಕಣ್ಣುಮುಚ್ಚಿ ನಿಂತವಳ ಮೊಣಕಾಲಿನ ಮಣ್ಣು ಒರೆಸಿ, ಅವ್ವ ಹಸಿದ ಹೊಟ್ಟೆಯಲ್ಲೇ ನಕ್ಕಿದ್ದಳು. ಅವ್ವನ ಆ ನಗು ಗುರುದೇವಿಗೆ ಈಗ ಎಲ್ಲಾದರೂ ಉಳಿದಿದ್ದರೆ ಆ ನೆಗ್ಗಿನಲ್ಲಿತ್ತು. ಮನೆಯಲ್ಲಿ ಯಾರೂ ಇಲ್ಲದಾಗ ಬಟ್ಟಲು ಇಳಿಸಿಕೊಂಡು, ಒಳಗೆ ಅಂಗೈ ಇಟ್ಟು ಕೂರುತ್ತಿದ್ದಳು. ಒಳಗಿನ ಕಪ್ಪು ಅವ್ವ ಉಂಡ ಕಡೆಯ ತುತ್ತಿನದೇ ಇರಬೇಕೆಂದು ಒಂದು ದಿನವೂ ತಿಕ್ಕಿ ತೊಳೆಯಲಿಲ್ಲ, ಸೆರಗಿನಿಂದ ಒರೆಸಿ ಇಡುತ್ತಿದ್ದಳು. ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಮೊಮ್ಮಕ್ಕಳನ್ನು ಕಾಣುವ ವಯಸ್ಸಿನಲ್ಲಿ ಬಟ್ಟಲು ಹಿಡಿದು ಅಳುತ್ತಾಳೆಂದರೆ ಜನ ಏನಂದಾರು? ಅದು ಬೆಕ್ಕಿಗೆ ಹಾಲು ಹಾಕುವ ಬಟ್ಟಲೆಂದು ಬಸವಲಿಂಗ ನಂಬಿಕೊಂಡಿದ್ದ.

ಸೀತನಿಯನ್ನು ಬೇರೆ ತಾಟಿಗೆ ಸುರಿದು, ಗುರುದೇವಿ ಸೆರಗು ಸಿಕ್ಕಿಸಿಕೊಂಡು ಪಕ್ಕದ ಮನೆಗೆ ಹೊರಟಳು.

ನಾಗಲಕ್ಷ್ಮಿ ಭೀಮರಾಯನಗುಡಿಯ ಕಚೇರಿಯೊಂದರಲ್ಲಿ ಗುಮಾಸ್ತೆ. ಅವಳ ತಂದೆ ಅಮಾತೆಪ್ಪ ಬೋನಾಳದವನು, ವಯಸ್ಸಿರುವವರೆಗೆ ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸದಲ್ಲಿದ್ದವನು. ಈಗ ಮಗಳ ಮನೆಯಲ್ಲಿ ಕೈಕಟ್ಟಿ ಕೂರಲಾಗದೆ, ಸಡಿಲವಾದದ್ದನ್ನೆಲ್ಲ ಬಿಗಿ ಮಾಡುತ್ತಾ ತಿರುಗುತ್ತಿದ್ದ. ಒಳ್ಳೆಯ ಜನ, ಗುರುದೇವಿಗೂ ಗೊತ್ತು. ಆದರೆ ನಮ್ಮವರಲ್ಲ ಎಂಬ ಒಂದು ಸಣ್ಣ ಮುಳ್ಳು ಅವಳ ಮನಸ್ಸಿನಲ್ಲಿ ಮೊದಲಿನಿಂದಲೂ ಇತ್ತು. ಅವರ ಮನೆಯಿಂದ ತಿನಿಸು ಬಂದರೆ ಒಂದು ಸಲ ಮೂಸುವಳು, ರುಚಿಯಾಗಿದ್ದರೆ ತಿನ್ನುವಳು, ತಿಂದದ್ದನ್ನು ತವರಿನಲ್ಲಿ ಹೇಳುತ್ತಿರಲಿಲ್ಲ.

"ಬರ್ರಿ ಅಕ್ಕಾರ, ಸೀತನಿ ಹೆಂಗಿದ್ವು?" ಎಂದಳು ನಾಗಲಕ್ಷ್ಮಿ. "ನಮ್ಮೂರ ಹೊಲದಾವು."

"ಸೀತನಿ ಛಲೋ ಇದ್ವು. ಬಟ್ಟಲ ಬದಲಾಗಿ ಬಂದದ."

"ಇಲ್ರಿ, ನಿಮ್ಮ ಮನಿಂದ ಬಂದದ್ದ ಅದು."

ಪಡಸಾಲೆಯಲ್ಲಿ ಕುರ್ಚಿಯ ಕಾಲಿಗೆ ಮೊಳೆ ಹೊಡೆಯುತ್ತಿದ್ದ ಅಮಾತೆಪ್ಪ ತಲೆ ಎತ್ತಿದ. ಮುಖದಲ್ಲಿ ಶಾಬಾಸ್‌ಗಿರಿಗೆ ಕಾದವನ ಕಳೆ ಇತ್ತು. "ಗುರ್ತು ಸಿಗಲಿಲ್ಲ ಹೌದಿಲ್ಲ, ತಂಗಿ? ಅದಕ್ಕ ಪಕ್ಕಿಗಿ ನೆಗ್ಗ ಬಿದ್ದಿತ್ತು, ನೆಟ್ಟಗ ಕೂಡ್ತಿರಲಿಲ್ಲ. ಒಳಗ ಕಟಗಿ ಕೊಟ್ಟು, ಸಣ್ಣಗ ಬಡದು ಸರಿ ಮಾಡೀನಿ. ಕರ್ರಗಾಗಿತ್ತು, ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕೀನಿ. ಮುಖ ಕಾಣ್ತದ ಈಗ ಅದ್ರಾಗ."

ನಿಜ ಹೇಳಿದ್ದನೋ ಏನೋ. ಆದರೆ ಗುರುದೇವಿಯ ತಲೆ ಬೇರೆ ದಾರಿ ಹಿಡಿದಿತ್ತು. ಮಂದಿಯ ಮನೆಯ ಬಟ್ಟಲಿಗೆ ಇಷ್ಟು ಉಪಚಾರ ಯಾರು ಮಾಡುತ್ತಾರೆ? ಕೇಳುವ ಮೊದಲೇ ಉತ್ತರ ಇಷ್ಟು ಸಿದ್ಧವಾಗಿ ಹೇಗೆ ಬಂತು? ಸತ್ತವರು ಉಂಡ ಪಾತ್ರೆಗಾಗಿ ಕಾದಿರುವ ಮಂದಿ ಇರುತ್ತಾರೆಂದು, ಅದರಿಂದ ಮಾಟಮಂತ್ರ ಮಾಡಿಸುತ್ತಾರೆಂದು ಚಿಕ್ಕವಳಿದ್ದಾಗ ಕೇಳಿದ್ದು ಬೇರೆ ನೆನಪಾಗಬೇಕೆ. "ಬಾಯಾರಿಕಿ ಆಗ್ಯದ, ನೀರು ಕುಡದು ಬರ್ತೀನಿ" ಎಂದವಳೇ ಸೀದಾ ಅವರ ಅಡುಗೆಮನೆಗೆ ನುಗ್ಗಿದಳು.

ಒಲೆಯ ಹಿಂದೆ, ಕತ್ತಲ ಮೂಲೆಯಲ್ಲಿ, ತಾಟು ಮುಚ್ಚಿದ ಒಂದು ಜರ್ಮನ್ ಪಾತ್ರೆ. ಬಗ್ಗಿ ತಾಟು ಎತ್ತಿದಳು. ಹೆಪ್ಪು ಹಾಕಿದ ಮೊಸರು.

"ಏನ್ ಹುಡುಕಾಕತ್ತೀರಿ ಅಕ್ಕಾರ?" ಬಾಗಿಲಲ್ಲಿ ನಾಗಲಕ್ಷ್ಮಿ ನಿಂತಿದ್ದಳು.

"ನೀರು."

"ನೀರಿನ ಕೊಡ ಇಲ್ಲೇ ಬಾಗಲದಾಗ ಅದ. ದಾಟಿ ಹೋಗೀರಿ."

ಸಿಕ್ಕಿಬಿದ್ದ ಅವಮಾನಕ್ಕೆ ಗುರುದೇವಿಯ ಬಾಯಿ ಇನ್ನಷ್ಟು ಕೆಟ್ಟಿತು. "ನನ್ನ ಬಟ್ಟಲ ನನಗ ಕೊಟ್ಟುಬಿಡ್ರಿ. ಇಂಥವು ಎಷ್ಟು ಬೇಕು ಅಷ್ಟು ಕೊಡಸ್ತೀನಿ. ಅದು ನಮ್ಮವ್ವನ ಬಟ್ಟಲ."

ಅಮಾತೆಪ್ಪ ಮೊಳೆ, ಸುತ್ತಿಗೆ ಕೆಳಗಿಟ್ಟು ಎದ್ದು ನಿಂತ. "ಒಂದು ಜರ್ಮನ್ ಬಟ್ಟಲ ಮುಚ್ಚಿಡೋ ಮಂದಿ ಅನ್ಕೊಂಡ್ರೇನ್ರಿ ನಮಗ?" ಎಂದ. ಅಲ್ಲಿಯವರೆಗೆ ತಂಗಿ ಎನ್ನುತ್ತಿದ್ದ ಮುದುಕ ಈಗ 'ರಿ' ಹಚ್ಚಿ ಮಾತಾಡಿದ. ಗುರುದೇವಿ ಸರಸರ ಹೊರಬಿದ್ದಳು.

ಮನೆಗೆ ಬಂದ ಮೇಲೆ ಅನುಮಾನ ಅಲ್ಲಿಗೇ ನಿಲ್ಲಲಿಲ್ಲ, ಸೊಸೆಯ ಕಡೆ ಹೊರಳಿತು. ಹುಡುಗಿಯೇ ಬಟ್ಟಲು ಕಳೆದು, ಅಂಥದೇ ಒಂದನ್ನು ಬಜಾರದಿಂದ ತಂದು, ಪಕ್ಕದವರ ಬಾಯಿಗೆ ಮಾತು ಕೊಟ್ಟಿದ್ದರೆ? ಅವಳು ಏನು ತೊಳೆದರೂ ಗುರುದೇವಿ ಮತ್ತೊಮ್ಮೆ ಲೆಕ್ಕ ಮಾಡಿ ಇಡತೊಡಗಿದಳು. ಕಸ್ತೂರಿ ಫೋನ್ ಹಿಡಿದು ಹಿತ್ತಲಿಗೆ ಹೋದರೆ ಬಾಗಿಲ ಮರೆಯಲ್ಲಿ ನಿಂತು ಕೇಳಿದಳು. "ಏನಿಲ್ಲ ಯವ್ವಾ, ಆರಾಮ ಇದ್ದೀನಿ" ಎಂದಿತು ಹುಡುಗಿಯ ದನಿ, ಆಮೇಲೆ ಬಹಳ ಹೊತ್ತು ಮೂಗು ಏರಿಸುವ ಸದ್ದು. ಗುರುದೇವಿಗೆ ಒಳಗೆ ಚುರುಕ್ಕೆಂದಿತು. ಆದರೂ ಅನುಮಾನ ಬಿಡಲಿಲ್ಲ.

ಊಟಕ್ಕೆ ಕೂತ ಬಸವಲಿಂಗ ಮನೆಯ ಮೌನ ತಾಳಲಾರದೆ, "ಹೋಗ್ಲಿ ಬಿಡು, ಬೆಕ್ಕಿಗಿ ಬ್ಯಾರೆ ಬಟ್ಟಲ ತಂದರಾತು" ಎಂದ.

"ಅದು ಬೆಕ್ಕಿಂದಲ್ಲ. ನಮ್ಮವ್ವ ಉಣ್ತಿದ್ದ ಬಟ್ಟಲ."

ಬಸವಲಿಂಗನ ಕೈಯ ರೊಟ್ಟಿ ತುಣುಕು ತಾಟಿಗೇ ವಾಪಸು ಇಳಿಯಿತು. ಪಲ್ಯ ಬಡಿಸುತ್ತಿದ್ದ ಕಸ್ತೂರಿ ಸೌಟು ಹಿಡಿದೇ ನಿಂತಳು. "ಇದನ್ನ ಒಂದ ಮಾತು ಮೊದಲ ಹೇಳಬಾರ್ದೇನ್ರಿ ಅತ್ತಿ?" ಎಂದಳು. "ಹೇಳಿದ್ರ ನಾನು ಮುಟ್ಟತಿದ್ನೇನು?" ಮರುದಿನ ಕಸ್ತೂರಿ, ಸಂಕ್ರಾಂತಿಗೆ ಸುರಪುರಕ್ಕೆ ಹೋಗುತ್ತೇನೆಂದು ತಿಳಿಸಿದಳು. ಯಾವಾಗ ಬರುತ್ತೇನೆಂದು ಹೇಳಲಿಲ್ಲ, ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಬೇರೊಂದಿತ್ತು. ಮನೆ ಖಾಲಿಯಿದ್ದಾಗ ಗುರುದೇವಿ ಆ ಹೊಳೆಯುವ ಬಟ್ಟಲಿನೊಳಗೆ ಅಂಗೈ ಇಟ್ಟು ಕೂತು ನೋಡಿದಳು. ಏನೂ ಬರಲಿಲ್ಲ. ಇದು ಅವ್ವನದೇ ಆಗಿದ್ದರೆ ಅಳು ಬರಬೇಕಿತ್ತು. ಅಲ್ಲವಾದರೆ ಇದು ಬರೀ ತಗಡು. ಯಾವುದೆಂದು ಗೊತ್ತಾಗದೆ ಅಳಲೂ ಆಗದು, ಎಸೆಯಲೂ ಆಗದು. ಅವ್ವ ಎರಡನೇ ಸಲ ಸತ್ತಳು ಎನಿಸಿತು ಅವಳಿಗೆ, ಈ ಸಲ ಹೆಣವೂ ಇಲ್ಲದೆ.

ಆ ಬಟ್ಟಲನ್ನು ವರ್ಷಗಟ್ಟಲೆ ತೊಳೆದು ಬಲ್ಲವಳು ಒಬ್ಬಳೇ, ಅತ್ತಿಗೆ ಚನ್ನಬಸಮ್ಮ. ಮಾರನೆಯ ಬೆಳಿಗ್ಗೆ ಗುರುದೇವಿ ಬಳಿಚಕ್ರಕ್ಕೆ ಹೊರಟಳು. ಬಟ್ಟಲನ್ನು ಚೀಲದಲ್ಲಿಡುವಾಗ ಕೈ ತಡೆಯಿತು. ಎಷ್ಟೇ ಸಿಟ್ಟಿದ್ದರೂ ಖಾಲಿ ಬಟ್ಟಲು ಒಯ್ಯುವುದು ಹೇಗೆ? ಒಂದಿಷ್ಟು ಬೆಲ್ಲದ ಹೆಂಟೆ ತುಂಬಿ, ಮೇಲೆ ಬಟ್ಟೆ ಕಟ್ಟಿದಳು. ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರ್ ಕೊಟ್ಟ ಪುಕ್ಕಟೆ ಚೀಟಿಯನ್ನು ಎಂದಿನಂತೆ ಎರಡೂ ಕಡೆ ನೋಡಿ ಮಡಚಿಟ್ಟಳು. ಭೀಮಾ ನದಿಯ ಸೇತುವೆ ದಾಟಿತು, ಯಾದಗಿರಿಯಲ್ಲಿ ಬಸ್ಸು ಬದಲಾಯಿತು. ದಾರಿಯುದ್ದಕ್ಕೂ ತೊಗರಿ ಕೊಯ್ಲು ನಡೆದಿತ್ತು. ಅವಳಿಗೆ ಅದೊಂದೂ ಕಾಣಲಿಲ್ಲ. ಚೀಲ ಮಡಿಲಲ್ಲಿ ಅಪ್ಪಿಕೊಂಡು, ನಾಗಲಕ್ಷ್ಮಿಯ ಎದುರು ಬಟ್ಟಲು ಹಿಡಿದು ಏನೆನ್ನಬೇಕೆಂದು ಮಾತು ಜೋಡಿಸುತ್ತಿದ್ದಳು.

ಚನ್ನಬಸಮ್ಮ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ನಾಗಣ್ಣ ಹೊಲಕ್ಕೆ ಹೋಗಿದ್ದ. "ಬಾ ತಂಗಿ. ಒಂದು ಫೋನಾದ್ರೂ ಮಾಡಬಾರ್ದೇನು, ಒಬ್ಬಾಕಿನ ಬಂದಿಯಲ್ಲ" ಎನ್ನುತ್ತಾ ಎದ್ದಳು. ಗುರುದೇವಿ ನೀರನ್ನೂ ಮುಟ್ಟದೆ, ಬಟ್ಟೆ ಬಿಚ್ಚಿ, ಬಟ್ಟಲನ್ನು ಕಟ್ಟೆಯ ಮೇಲಿಟ್ಟಳು.

"ವೈನಿ, ಇದು ಅವ್ವನ ಬಟ್ಟಲ ಹೌದೋ ಅಲ್ಲೋ, ನೋಡಿ ಹೇಳ್ರಿ."

ಚನ್ನಬಸಮ್ಮ ನಿಂತಲ್ಲಿಂದಲೇ ನೋಡಿದಳು. "ಹೌದು, ಅದ. ಯಾಕ?" ಎಂದಳು, ಕೈ ಒರೆಸಿಕೊಳ್ಳುತ್ತಾ.

ಕೇಳಬೇಕೆಂದು ಬಂದ ಉತ್ತರ ಸಿಕ್ಕಿತ್ತು. ಬೇರೆಯವರಾಗಿದ್ದರೆ ಸಮಾಧಾನದ ಉಸಿರು ಬಿಟ್ಟು, ಊಟ ಮಾಡಿ, ಬಸ್ಸು ಹತ್ತುತ್ತಿದ್ದರು. ಆದರೆ ಸಂತೆಯಲ್ಲಿ ಒಂದು ಬದನೆಕಾಯಿ ಕೊಂಡರೂ ತಿರುವಿ ಮುರುವಿ ತೊಟ್ಟು ನೋಡುವ ಚನ್ನಬಸಮ್ಮ, ಬಟ್ಟಲನ್ನು ಕೈಯಲ್ಲಿ ಹಿಡಿಯಲೇ ಇಲ್ಲವಲ್ಲ? ಗುರುದೇವಿಯ ಅನುಮಾನ ಪಕ್ಕದ ಮನೆ ಬಿಟ್ಟು, ಸೊಸೆಯನ್ನು ಬಿಟ್ಟು, ಇಲ್ಲಿ ಬಂದು ನಿಂತಿತು.

"ತಳ ನೋಡಲಿಲ್ಲ ನೀವು."

"ಏನ್ ನೋಡೋದು, ಜರ್ಮನ್ ಬಟ್ಟಲ."

"ನೆಗ್ಗು ಎಲ್ಲಿ ಹೋತು ಅಂತನೂ ಕೇಳಲಿಲ್ಲ."

ಚನ್ನಬಸಮ್ಮ ಮೊರ ಎತ್ತಿಕೊಂಡು ಮತ್ತೆ ಕೇರತೊಡಗಿದಳು. ಗುರುದೇವಿ ಅವಳ ಎದುರಿಗೇ ಕುಕ್ಕರುಗಾಲಲ್ಲಿ ಕೂತು, ನಡೆದದ್ದನ್ನೆಲ್ಲ ಒದರಿದಳು: ಸೊಸೆ ಭಜ್ಜಿ ಕಳಿಸಿದ್ದು, ಪಕ್ಕದ ಮನೆಯವರಿಗೆ ತಾನು ಅಂದದ್ದು, ಹುಡುಗಿ ತವರಿಗೆ ಹೊರಟಿದ್ದು. "ಬಾಜು ಮನಿಯವರ ಬದಲಿ ಮಾಡ್ಯಾರ ಅಂತ ನನಗ ಖಾತ್ರಿ ಇತ್ತು. ನೀವು ಹೌದು ಅಂದ್ರ ಹೌದು. ಅಲ್ಲ ಅಂದ್ರ ನಾಳೆ ಹೋಗಿ ಆ ಮುದಕನ ಮರ್ಯಾದಿ ಓಣ್ಯಾಗ ತೆಗೀತೀನಿ."

ಮೊರ ನಿಂತಿತು. "ಅವರಿಗೇನೂ ಅನಬ್ಯಾಡ," ಎಂದಳು ಚನ್ನಬಸಮ್ಮ. "ಅವರು ಬದಲಿ ಮಾಡಿಲ್ಲ. ಬದಲಿ ಮಾಡ್ದಾಕಿ ನಾನು. ನೀ ಕೇಳಿದ ದಿನಾನ."

ಅವಳು ಎದ್ದು ಒಳಗೆ ಹೋದಳು. ಈ ಸಲ ಹೊತ್ತಾಗಲಿಲ್ಲ. ತಂದದ್ದು ಅದೇ ಗಾತ್ರದ, ಅದೇ ಅಂಚಿನ, ಸವೆದು ತೆಳ್ಳಗಾದ ಇನ್ನೊಂದು ಬಟ್ಟಲು. ಬೆಳಿಗ್ಗೆ ಉಂಡು ತೊಳೆದಿಟ್ಟದ್ದು, ತಳದಲ್ಲಿ ಇನ್ನೂ ನೀರಿನ ಹನಿಯಿತ್ತು.

"ಅತ್ತೆವ್ವ ಯಾದಗಿರಿ ಸಂತ್ಯಾಗ ಎರಡು ಕೂಡೇ ತಗೊಂಡಿದ್ದಳಂತ. ಒಂದು ತನಗ ಉಣ್ಣಾಕ, ಒಂದು ಎಮ್ಮಿಗಿ ಹಿಂಡಿ ಹಾಕಾಕ. ನಿನಗ ಕೊಟ್ಟದ್ದು ಎಮ್ಮಿದು."

"ನೆಗ್ಗು?" ಎಂದಳು ಗುರುದೇವಿ.

"ಎಮ್ಮಿ ತುಳದಿದ್ದು."

"ಒಳಗ ಕರ್ರಗಿತ್ತು."

"ಹಿಂಡಿ."

ಇಡೀ ವರ್ಷ ಎಮ್ಮೆಯ ಬಟ್ಟಲಲ್ಲಿ ಕಣ್ಣೀರು ಸುರಿಸಿದ ಹೆಣ್ಣುಮಗಳು ಸಿಟ್ಟಿಗೆ ಏಳಬೇಕಿತ್ತು. ಏಳಲೂ ಹೊರಟಿದ್ದಳು. ಆದರೆ ಚನ್ನಬಸಮ್ಮನ ಕೈ ಆ ಸವೆದ ಬಟ್ಟಲನ್ನು ಹಿಡಿದುಕೊಂಡ ರೀತಿ ನೋಡಿ ಅಲ್ಲೇ ಕೂತಳು. ಕಸಿದುಕೊಂಡಾರೆಂದು ಮಕ್ಕಳು ಮಿಠಾಯಿ ಹಿಡಿಯುವಂತೆ ಎರಡೂ ಕೈಯಲ್ಲಿ ಹಿಡಿದಿದ್ದಳು ಅವಳು.

"ಹಾಸಿಗಿ ಹಿಡದ ಮ್ಯಾಲ ಆಕಿ ಬ್ಯಾರೆ ಬಟ್ಟಲದಾಗ ಕೊಟ್ರ ಬಾಯಿ ಬಿಗಿ ಹಿಡೀತಿದ್ದಳು," ಎಂದಳು ಚನ್ನಬಸಮ್ಮ. "ಇದು ಕಂಡ್ರ ತೆಗೀತಿದ್ದಳು. ಕಡೀಕಡೀಗಿ ನಾನು ಯಾರಂತ ಮರೆತಳು, ಬಟ್ಟಲ ಮರೀಲಿಲ್ಲ. ಇದ್ರಾಗ ನುಚ್ಚು ಕಲಸಿ ಕಲಸಿ ನನ್ನ ಕೈಗಿ ಅಭ್ಯಾಸ ಬಿದ್ದುಬಿಟ್ಟದ. ನೀ ಬಂಗಾರ ಕೇಳಿದ್ರ ಕಿವ್ಯಾಗಿಂದು ಬಿಚ್ಚಿ ಕೊಡ್ತಿದ್ದೆ. ಬಟ್ಟಲ ಕೇಳಿದಿ. ಒಳಗ ಹೋಗಿ ಹಿಡಕೊಂಡು ನಿಂತೆ, ಕೊಡಾಕ ಕೈ ಬರಲಿಲ್ಲ. ಎಮ್ಮಿದು ತೊಳದು ತಂದೆ. ನೀ ನೆಗ್ಗು ನೋಡಿ ಇದ ಅಂದಿ. ನಾನು ಬಾಯಿ ಮುಚ್ಚಿಕೊಂಡೆ."

ಈ ಹೆಣ್ಣು ಜುಗ್ಗಿ ಎಂದು ಊರಿಗೆಲ್ಲ ಹೇಳಿಕೊಂಡು ಬಂದದ್ದು ಗುರುದೇವಿಗೆ ನೆನಪಾಯಿತು. ತಾನು ಬಂದಾಗಲೆಲ್ಲ ಸ್ಟೀಲಿನ ತಾಟಿನಲ್ಲಿ ಉಂಡು ಹೋದವಳು. ಅವ್ವ ಯಾವುದರಲ್ಲಿ ಉಣ್ಣುತ್ತಾಳೆ, ಉಣಿಸುವವರು ಯಾರು ಎಂದು ಅಡುಗೆಮನೆಯತ್ತ ತಲೆ ಹಾಕಿ ನೋಡಿರಲಿಲ್ಲ. ಆದರೂ ಒಂದು ಅನುಮಾನ ಉಳಿದಿತ್ತು. ಅವಳ ಸ್ವಭಾವವೇ ಅಂಥದು.

"ಅವ್ವನ ಬಟ್ಟಲಕ್ಕ ನೆಗ್ಗಿತ್ತು ವೈನಿ. ಹೊಲಕ್ಕ ಅಂಬಲಿ ಒಯ್ಯೂವಾಗ ನಾನ ಕೆಡವೀನಿ. ಇದಕ್ಕ ಇಲ್ಲ."

"ಇತ್ತು. ಆ ನೆಗ್ಗು ಕಂಡಾಗೊಮ್ಮೆ ನೀ ಅಳ್ತಿದ್ದಿ ಅಂತ. ಅದಕ್ಕ ಕಂಬಾರನ ಕಡಿ ಒಯ್ದು ಬಡಿಸಿ ಸರಿ ಮಾಡಿಸ್ಯಾಳ. ಇಲ್ಲಿ ನೋಡು." ಚನ್ನಬಸಮ್ಮ ಗುರುದೇವಿಯ ಹೆಬ್ಬೆರಳು ಹಿಡಿದು ಬಟ್ಟಲಿನ ಪಕ್ಕೆಯ ಮೇಲಿಟ್ಟಳು. ಕಣ್ಣಿಗೆ ಏನೂ ಕಾಣದು. ಬೆರಳಿಗೆ ಮಾತ್ರ ಸಣ್ಣಸಣ್ಣ ಸುತ್ತಿಗೆಯ ಏಟು ಹತ್ತಿದವು. "ಉಣಿಸೂವಾಗ ದಿನಾ ಇಲ್ಲಿ ಸವರಿ, ನನ್ನ ಗುರುದೇವಿ ಇಲ್ಲಿ ಬಿದ್ದಾಳ ಅಂತಿದ್ದಳು. ನನ್ನ ಮರೆತಳು, ನೀ ಮಾತ್ರ ದಿನಾ ಬೀಳ್ತಿದ್ದಿ."

ಗುರುದೇವಿ ಬಟ್ಟಲನ್ನು ಎದೆಗೆ ಒತ್ತಿಕೊಂಡು, ಅಂಗಳವೆಂಬುದನ್ನೂ ಮರೆತು ಅತ್ತಳು. ಚನ್ನಬಸಮ್ಮ ಅಳು ಮುಗಿಯುವವರೆಗೆ ಕಾದು, "ತಗೊಂಡು ಹೋಗು. ಒಂದು ವರ್ಷ ನಾನು ಉಂಡೀನಿ, ಸಾಕು" ಎಂದಳು.

ಗುರುದೇವಿ ಬೇಡ ಎನ್ನಲಿಲ್ಲ. ಎರಡನೇ ಸಲ ಹೇಳಿಸಿಕೊಳ್ಳದೆ ಅದನ್ನು ಚೀಲಕ್ಕೆ ಹಾಕಿಕೊಂಡಳು. ಅವ್ವನದು, ತನ್ನ ಹೆಸರು ಹೇಳಿ ಉಂಡದ್ದು, ಯಾಕೆ ಬಿಡಬೇಕು? ಊಟಕ್ಕೆ ಎಬ್ಬಿಸಿ ಒಳಗೆ ಕರೆದೊಯ್ದ ಚನ್ನಬಸಮ್ಮ ನಾದಿನಿಗೊಂದು ಸ್ಟೀಲಿನ ತಾಟು ಇಟ್ಟಳು. ತನಗೊಂದು ಬೇಕಲ್ಲ ಎಂದು ಹಲಗೆಯ ಕಡೆ ಕೈ ಚಾಚಿದಳು. ಅಭ್ಯಾಸದ ಕೈ ಖಾಲಿ ಜಾಗಕ್ಕೆ ಹೋಗಿ ನಿಂತಿತು, ಅಲ್ಲೇ ಒಂದು ಗಳಿಗೆ ಉಳಿಯಿತು, ಆಮೇಲೆ ಪಕ್ಕದ ತಾಟು ಎಳೆದುಕೊಂಡಿತು.

ಹೀಗೆಯೇ ತಾನೂ ಶಹಾಪುರದಲ್ಲಿ ಖಾಲಿ ಹಲಗೆಯ ಮುಂದೆ ನಿಂತಿದ್ದಳು ಗುರುದೇವಿ.

ಅವಳು ಚೀಲಕ್ಕೆ ಕೈಹಾಕಿ ಅವ್ವನ ಬಟ್ಟಲು ಹೊರತೆಗೆದಳು. "ವೈನಿ, ನನಗ ಇವತ್ತು ಇದ್ರಾಗ ನುಚ್ಚು ಹಾಕ್ರಿ" ಎಂದಳು. ಬಿಸಿ ನುಚ್ಚಿಗೆ ಮಜ್ಜಿಗೆ ಸುರಿದುಕೊಂಡು, ಹೆಬ್ಬೆರಳನ್ನು ಆ ಜಾಗದಿಂದ ಕದಲಿಸದೆ ಉಂಡಳು. ತಾನೇ ತೊಳೆದಳು. ತೊಳೆದ ಬಟ್ಟಲಿಗೆ, ತಾನು ತಂದಿದ್ದ ಬೆಲ್ಲವನ್ನೆಲ್ಲ ಹಾಕಿ ಅತ್ತಿಗೆಯ ಕೈಗಿಟ್ಟಳು.

"ಇದೇನ?"

"ಖಾಲಿ ತಿರಗಸಬಾರ್ದು," ಎಂದಳು ಗುರುದೇವಿ. ಚನ್ನಬಸಮ್ಮ ಅದನ್ನು ಹಲಗೆಯ ಮೇಲಿಟ್ಟಳು. ಎಮ್ಮೆಯ ಬಟ್ಟಲಿಗೆ ಬಿಡಿಸಿದ ಹಸಿ ತೊಗರಿಕಾಳು ತುಂಬಿ, ಬಟ್ಟೆ ಕಟ್ಟಿ ನಾದಿನಿಯ ಚೀಲಕ್ಕೆ ಇಳಿಸಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಗುರುದೇವಿಗೆ, ಅವ್ವ ಸಂತೆಯಲ್ಲಿ ಎರಡಲ್ಲ, ಮೂರು ಬಟ್ಟಲು ಕೊಂಡಿದ್ದರೆ ಎಂಬ ಯೋಚನೆ ಬಂತು. ತನ್ನ ತಲೆಗೆ ತಾನೇ ನಕ್ಕಳು. ಪಕ್ಕದಲ್ಲಿ ಕೂತಿದ್ದ ಹೆಂಗಸು, ಒಬ್ಬಳೇ ನಗುವ ಇವಳನ್ನು ನೋಡಿ ತನ್ನ ಚೀಲವನ್ನು ಆಚೆ ಎಳೆದುಕೊಂಡಳು.

ಮನೆಯಲ್ಲಿ ಕಸ್ತೂರಿಯ ಬ್ಯಾಗು ಪಡಸಾಲೆಗೆ ಬಂದಾಗಿತ್ತು. ಗುರುದೇವಿ ಚಪ್ಪಲಿ ಬಿಡುವ ಮೊದಲೇ, "ತಪ್ಪು ನಂದು ಕಸ್ತೂರಿ. ನಿನ್ನ ಮ್ಯಾಲ ಅನುಮಾನ ಪಟ್ಟೆ, ಬಾಗಲ ಮರ್ಯಾಗ ನಿಂತು ನಿನ್ನ ಮಾತು ಕೇಳೀನಿ" ಎಂದಳು. ಅಷ್ಟು ನೇರ ಮಾತು ಅತ್ತೆಯ ಬಾಯಿಂದ ಎಂದೂ ಕೇಳದ ಹುಡುಗಿ ಹೆದರಿದಳು. ಎಮ್ಮೆಯ ವಿಷಯ ಬಂದಾಗ ಮಾತ್ರ ನಗು ತಡೆಯಲಾಗದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಬ್ಯಾಗಿನಿಂದ ಒಂದು ಸೀರೆ ತೆಗೆದು ಒಳಗಿಟ್ಟು ಬಂದಳು. "ಹಬ್ಬ ಮುಗಿಸಿ ಮರುದಿನ ಬಂದುಬಿಡ್ತೀನ್ರಿ" ಎಂದಳು. ತೊಗರಿಕಾಳಿನ ಬಟ್ಟಲು ನೋಡಿ, "ಬಾಜು ಮನಿಗಿ ನಾನು ಕೊಟ್ಟು ಬರ್ಲೇನ್ರಿ?" ಎಂದು ಕೇಳಿದಳು.

"ಬ್ಯಾಡ. ನಾನ ಒಯ್ತೀನಿ."

ಅಮಾತೆಪ್ಪ ಕಟ್ಟೆಯ ಮೇಲೆ ಕೂತಿದ್ದ. ಗುರುದೇವಿಯನ್ನು ಕಂಡು ಮುಖ ಆ ಕಡೆ ತಿರುಗಿಸಿದ. "ಕಾಕಾ, ನೀವು ಅಂದದ್ದ ಖರೆ ಇತ್ತು. ನಾನು ಅನಬಾರದ ಮಾತು ಅಂದೀನಿ. ಹೊಟ್ಯಾಗ ಹಾಕ್ಕೊರ್ರಿ" ಎಂದು ಬಟ್ಟಲು ಮುಂದೆ ಹಿಡಿದಳು. ಒಳಗಿನಿಂದ ಬಂದ ನಾಗಲಕ್ಷ್ಮಿ ಹೊಸ್ತಿಲಲ್ಲೇ ನಿಂತಳು. ಮುದುಕ ಕೈ ಚಾಚಲಿಲ್ಲ.

"ತಗೋತೀನಿ. ಮೊದಲ ಇದು ಯಾರ ಬಟ್ಟಲ ಅಂತ ಹೇಳ್ರಿ. ಆಮ್ಯಾಗ ನಿಮ್ಮವ್ವಂದು ಬದಲಾತು ಅನಬ್ಯಾಡ್ರಿ."

"ನಮ್ಮವ್ವಂದಲ್ಲ," ಎಂದಳು ಗುರುದೇವಿ. "ನಂದು."

ಅಮಾತೆಪ್ಪ ತೊಗರಿಕಾಳನ್ನು ಮಗಳು ತಂದ ತಾಟಿಗೆ ಸುರಿದ. ಖಾಲಿ ಬಟ್ಟಲನ್ನು ಅವಳ ಕಣ್ಣೆದುರಿಗೇ ತಿರುಗಿಸಿ, ತಳ ನೋಡಿ, ಬೆಳಕಿಗೆ ಹಿಡಿದು, ತಾನು ಬಡಿದ ಜಾಗವನ್ನು ಹೆಬ್ಬೆರಳಿನಿಂದ ಸವರಿ ಗುರುತು ಹಿಡಿದ. "ಹೌದು, ಅದ," ಎಂದ. "ಕೂಡು ತಂಗಿ, ಖಾಲಿ ಹೆಂಗ ಕೊಡಾಕ ಬರ್ತದ," ಎನ್ನುತ್ತಾ ಅದನ್ನು ಹಿಡಿದು ಒಳಗೆ ಹೋದ.